ಟೂಲ್ "ಸಕ್ಸಸ್" ಅಂತಿದೆ, ಫೈಲ್ ಮಾತ್ರ ಅರ್ಧಕ್ಕೇ ನಿಂತಿದೆ: ಔಟ್‌ಪುಟ್ ಸೈಜ್ ಲಿಮಿಟ್ ದೋಷ ಹುಡುಕೋದು, ರಿವ್ಯೂನಲ್ಲಿ ಹಿಡಿಯೋದು

ಸ್ಕೀಮಾ (ಡೇಟಾ ಹೇಗಿರಬೇಕು ಅನ್ನೋ ವಿವರ) ಓದಿ ಕೋಡೋ, ಜೇಸನ್ನೋ, ಭಾಷಾಂತರದ ಫೈಲ್‌ಗಳೋ ಬರೆದುಕೊಡೋ ಟೂಲ್ ಒಂದಿದೆ ಅನ್ಕೊಳ್ಳಿ. ಪ್ರಾಜೆಕ್ಟ್ ಸಣ್ಣದಿದ್ದಾಗ ಚೆನ್ನಾಗೇ ಓಡ್ತಿತ್ತು, ಬೆಳೀತಾ ಬೆಳೀತಾ ಒಂದಿನ ಕಂಪೈಲರ್ "ಫೈಲ್ ಮಧ್ಯದಲ್ಲೇ ಮುಗಿದೋಯ್ತು, ಬ್ರಾಕೆಟ್ ಮುಚ್ಚಿಲ್ಲ" ಅಂತ ಗಲಾಟೆ ಶುರು ಮಾಡುತ್ತೆ. ಎಲ್ರೂ ಮೊದಲು ಟೆಂಪ್ಲೇಟ್ ಮೇಲೇ ಅನುಮಾನ ಪಡ್ತಾರೆ, ಅಲ್ಲಿ ಬ್ರಾಕೆಟ್ ಎಣಿಸ್ತಾರೆ, ಸ್ಕೀಮಾದಲ್ಲಿ ಹೊಸದಾಗಿ ಸೇರಿಸಿದ್ದನ್ನ ವಾಪಸ್ ತೆಗೀತಾರೆ, ತೆಗೆದ ತಕ್ಷಣ ಸರಿಹೋಗುತ್ತೆ, ಸರಿ ಹಾಗಾದ್ರೆ ಆ ಹೊಸ ಐಟಮ್ಮೇ ಕೆಟ್ಟದ್ದು ಅಂತ ತೀರ್ಮಾನ ಮಾಡಿಬಿಡ್ತಾರೆ. ಆದ್ರೆ ಆ ಐಟಂನಲ್ಲಿ ಏನೂ ತಪ್ಪಿಲ್ಲ, ಅದು ಸೇರಿದಾಗ ಫೈಲ್ ಯಾವುದೋ ಒಂದು ಗೆರೆ ದಾಟ್ತು, ಅಷ್ಟೇ. ಇದನ್ನ ಪಕ್ಕಾ ಮಾಡ್ಕೊಳ್ಳೋಕೆ ಸುಲಭದ ದಾರಿ ಇದೆ: ಹೊಸ ಐಟಂ ಇಟ್ಕೊಂಡು, ಅದಕ್ಕೆ ಸಂಬಂಧವೇ ಇಲ್ಲದ ಹಳೇ ಐಟಂ ಯಾವುದಾದ್ರೂ ತೆಗೆದು ಓಡಿಸಿ. ಆಗಲೂ ಸರಿಹೋಯ್ತು ಅಂದ್ರೆ ವಿಷಯ ಸೈಜಿಂದು.

ಲಿಮಿಟ್ ಇರ್ಲಿ ಬಿಡಿ, ಇರಲೇಬೇಕು, ಇಲ್ದಿದ್ರೆ ಒಂದು ತಪ್ಪು ಲೂಪ್ ಇಡೀ ಡಿಸ್ಕ್ ನುಂಗಿ ಹಾಕುತ್ತೆ. ತಲೆನೋವು ಬರೋದು ಲಿಮಿಟ್ ಮುಟ್ಟಿದ ಮೇಲೂ ಟೂಲ್ ಬಾಯಿ ಮುಚ್ಕೊಂಡು ಎಕ್ಸಿಟ್ ಕೋಡ್ ಸೊನ್ನೆ (ಅಂದ್ರೆ ಎಲ್ಲಾ ಸರಿ ಇದೆ ಅಂತ) ಕೊಟ್ಟು ಹೊರಗೆ ಬಂದಾಗ.

ಮೊದಲು ಬೈಟ್ ಎಣಿಸಿ

ಲಾಗ್ ಆಮೇಲೆ ನೋಡಿದ್ರಾಯ್ತು, ಮೊದಲು ಕೆಟ್ಟ ಫೈಲಿನ ಸೈಜ್ ಸರಿಯಾಗಿ ಬೈಟ್ ಲೆಕ್ಕದಲ್ಲಿ ಬರ್ಕೊಳ್ಳಿ. ಎಲ್‌ಎಸ್ ಕಮಾಂಡಿಗೆ ಎಚ್ ಫ್ಲ್ಯಾಗ್ ಹಾಕಿ ನೋಡೋ "1.0 ಎಂ" ಇಲ್ಲಿ ಕೆಲಸಕ್ಕೆ ಬರಲ್ಲ, ಅದು ರೌಂಡ್ ಮಾಡಿ ತೋರಿಸುತ್ತೆ. ಸ್ಟ್ಯಾಟ್ ಕಮಾಂಡ್ ಓಡಿಸಿ, ಇಲ್ಲಾ ಡಬ್ಲ್ಯೂಸಿ ಕಮಾಂಡಿಗೆ ಸಿ ಫ್ಲ್ಯಾಗ್ ಕೊಟ್ಟು ಪೂರ್ತಿ ಸಂಖ್ಯೆ ತಗೊಳ್ಳಿ. ಎಷ್ಟೋ ಸಲ ಆ ಒಂದು ನಂಬರ್ರೇ ಕತ್ತರಿಸಿದ್ದು ಯಾರು ಅಂತ ಹೇಳಿಬಿಡುತ್ತೆ.

65,536 ಬಂತಾ? ಲಿನಕ್ಸಲ್ಲಿ ಪೈಪಿನ (ಒಂದು ಪ್ರೋಗ್ರಾಮಿನ ಔಟ್‌ಪುಟ್ಟನ್ನ ಇನ್ನೊಂದಕ್ಕೆ ಸಾಗಿಸೋ ದಾರಿ) ಡೀಫಾಲ್ಟ್ ಸಾಮರ್ಥ್ಯ ಅಷ್ಟೇ. ಟೂಲ್ ಪೈಪಿಗೆ ಬರೀತಾ ಇತ್ತು, ಪೈಪ್ ತುಂಬ್ತು, ಮಿಕ್ಕಿದ್ದು ಹೋಗೋ ಮೊದಲೇ ಪ್ರೋಸೆಸ್ ಎಕ್ಸಿಟ್ ಆಗಿರೋ ಸಾಧ್ಯತೆ ಜಾಸ್ತಿ.

1,048,576 ಬಂದ್ರೆ, ಟೂಲ್ ನೋಡ್ ಜೇಎಸ್‌ನಲ್ಲಿ ಬರೆದಿದ್ದು ಅಂತಾದ್ರೆ, ಸೀದಾ ಚೈಲ್ಡ್ ಪ್ರೋಸೆಸ್ (ಟೂಲ್ ತನ್ನ ಒಳಗಿಂದ ಓಡಿಸೋ ಇನ್ನೊಂದು ಪ್ರೋಗ್ರಾಂ) ಕರೆಯೋ ಜಾಗಕ್ಕೆ ಹೋಗಿ. ಎಕ್ಸೆಕ್ ಫಂಕ್ಷನ್ನಿನ ಮ್ಯಾಕ್ಸ್‌ಬಫರ್ ಅನ್ನೋ ಆಪ್ಷನ್ ನೋಡ್ 12ರಿಂದ ಡೀಫಾಲ್ಟ್ ಆಗಿ ಇಷ್ಟೇ ಇರೋದು, ಅದಕ್ಕೂ ಮುಂಚೆ 204,800 ಇತ್ತು. ಅದನ್ನ ದಾಟಿದ್ರೆ ನೋಡ್ ಆ ಚೈಲ್ಡನ್ನ ಕೊಂದು, ಅಲ್ಲೀತನಕ ಬಂದಿದ್ದನ್ನ ಕೈಗೆ ಕೊಡುತ್ತೆ. ಎರರ್ ಕೂಡ ಕೊಡುತ್ತೆ ಪಾಪ, ಆದ್ರೆ ರ‍್ಯಾಪರ್ (ಟೂಲನ್ನ ಸುತ್ತಿ ಓಡಿಸೋ ಸ್ಕ್ರಿಪ್ಟ್) ಬರೆದವರು ಎರರ್ ನೋಡದೆ ಎಸ್‌ಟಿಡಿಔಟ್ (ಪ್ರೋಗ್ರಾಮಿನ ಮಾಮೂಲಿ ಔಟ್‌ಪುಟ್) ಮಾತ್ರ ತಗೊಂಡು ಫೈಲಿಗೆ ಬರೆದಿರ್ತಾರೆ.

2,147,483,647 ಕಂಡ್ರೆ ಎಲ್ಲೋ ಸೈಜನ್ನ ಸೈನ್ ಇರೋ 32 ಬಿಟ್ ಸಂಖ್ಯೇಲಿ ಇಟ್ಟಿದ್ದಾರೆ. ಹತ್ತಿರದ ಇನ್ನೊಂದು ನಂಬರ್ 2,147,479,552, ನೋಡೋಕೆ ಒಂದೇ ಥರ ಇದ್ರೂ ಕಾರಣ ಬೇರೆ: ಲಿನಕ್ಸಲ್ಲಿ ಒಂದು ರೈಟ್ ಕಾಲ್ ಎಷ್ಟೇ ಕೊಟ್ರೂ ಅದಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಬರೆಯಲ್ಲ. ಎಷ್ಟು ಬರೆದೆ ಅಂತ ಅದು ವಾಪಸ್ ಹೇಳುತ್ತೆ, ಮಿಕ್ಕಿದ್ದನ್ನ ಮತ್ತೆ ಬರೆಯೋ ಲೂಪ್ ನಿಮ್ಮ ಟೂಲಲ್ಲಿ ಇಲ್ಲ. 4,294,967,295 ಆದ್ರೆ ಪೆನ್‌ಡ್ರೈವ್ ಥರದ ಯಾವುದೋ ಫ್ಯಾಟ್32 ಡಿಸ್ಕಿಗೆ ಬರೀತಿದ್ದೀರಾ ಅಂತ ನೋಡಿ, ಅದರಲ್ಲಿ ಒಂದು ಫೈಲ್ ಅದಕ್ಕಿಂತ ಒಂದು ಬೈಟೂ ಬೆಳೆಯಲ್ಲ. ಜಿಪ್ ಮಾಡೋ ಟೂಲ್ ಆದ್ರೆ ಜಿಪ್64 ಇಲ್ಲದ ಹಳೇ ಫಾರ್ಮ್ಯಾಟಿಗೂ 4 ಜಿಬಿಯ ಗೆರೆ ಇದೆ, ಜೊತೆಗೆ ಒಳಗಿನ ಫೈಲ್‌ಗಳು 65,535 ದಾಟೋ ಹಾಗಿಲ್ಲ. ಸೈಜ್ ಸರಿ ಇದ್ದೂ ಕೊನೇ ಒಂದಷ್ಟು ಫೈಲ್ ಕಾಣ್ತಿಲ್ಲ ಅಂದ್ರೆ ಈ ಎರಡನೇದನ್ನ ಮರೀಬೇಡಿ.

1,000,000 ಅಥವಾ 5,242,880 ಥರ ನೀಟಾದ ಸಂಖ್ಯೆ ಬಂದ್ರೆ ಅದು ಯಾರೋ ಮನುಷ್ಯರು ಕೋಡಲ್ಲಿ ಟೈಪ್ ಮಾಡಿದ್ದು, ಗ್ರೆಪ್ ಹೊಡೀರಿ, ಸಿಗುತ್ತೆ. ಸಿಗ್ಲಿಲ್ಲ ಅಂದ್ರೆ "1024 ಗುಣಿಸು 1024 ಗುಣಿಸು 5" ಅಂತ ಬರೆದಿರ್ತಾರೆ, "ಒಂದು ಶಿಫ್ಟ್ 20" ಅಂತ ಕೂಡ ಬರೆದಿರ್ತಾರೆ, ಆ ರೂಪಗಳನ್ನೂ ಹುಡುಕಿ.

ಇನ್ನೊಂದು ಜಾತಿ ಇದೆ, ಲಿಮಿಟ್ ಥರಾನೇ ಕಾಣುತ್ತೆ ಆದ್ರೆ ಲಿಮಿಟ್ ಅಲ್ಲ. ಸೈಜು 4,096ಕ್ಕೋ 8,192ಕ್ಕೋ ಸರಿಯಾಗಿ ಭಾಗ ಹೋಗ್ತಿದೆ, ಬೇರೆ ಬೇರೆ ಇನ್‌ಪುಟ್ಟಿಗೆ ಬೇರೆ ಬೇರೆ ಸೈಜಲ್ಲಿ ನಿಲ್ತಿದೆ, ಪ್ರತಿ ಸಲಾನೂ ಭಾಗ ಮಾತ್ರ ಹೋಗ್ತಿದೆ ಅಂದ್ರೆ ಅದು ಕೊನೇ ಬಫರ್ ಫ್ಲಶ್ ಆಗದೇ ಇರೋದು. ಫೈಲ್ ಕ್ಲೋಸ್ ಮಾಡೋದು ಮರೆತಿದ್ದಾರೆ, ಅಥವಾ ಕ್ಲೋಸ್ ಆಗೋ ಮೊದಲೇ ಎಕ್ಸಿಟ್ ಕರೆದಿದ್ದಾರೆ. ಇಂಥದ್ದಕ್ಕೆ ಲಿಮಿಟ್ ಜಾಸ್ತಿ ಮಾಡ್ತಾ ಕೂತ್ರೆ ಜನ್ಮದಲ್ಲಿ ಸರಿಹೋಗಲ್ಲ. ಒಂದೇ ಇನ್‌ಪುಟ್ಟಿಗೆ ಪ್ರತಿ ಸಲ ಬೇರೆ ಸೈಜ್ ಬರ್ತಿದ್ರೆ ಟೈಮೌಟೋ, ಮೆಮೊರಿ ಸಾಲದೆ ಕರ್ನಲ್ ಕೊಂದಿದ್ದೋ, ಡಿಸ್ಕ್ ತುಂಬಿದ್ದೋ ಇರುತ್ತೆ.

ಬಾಲ ನೋಡಿ

ಸೈಜ್ ಆದ್ಮೇಲೆ ಫೈಲಿನ ಕೊನೇ 16 ಬೈಟ್ ಹೆಕ್ಸಲ್ಲಿ ತೆಗೆದು ನೋಡಿ, ಟೈಲ್ ಕಮಾಂಡಿನ ಔಟ್‌ಪುಟ್ಟನ್ನ ಎಕ್ಸ್‌ಎಕ್ಸ್‌ಡಿಗೆ (ಬೈಟ್‌ಗಳನ್ನ ಹೆಕ್ಸಲ್ಲಿ ತೋರಿಸೋ ಕಮಾಂಡ್) ಪೈಪ್ ಮಾಡಿದ್ರೆ ಆಯ್ತು. ಕನ್ನಡ ಪಠ್ಯ ಇರೋ ಫೈಲ್ ಆದ್ರೆ ಇಲ್ಲಿ ನಮಗೊಂದು ಲಾಭ ಇದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಕೋಡ್ ಪಾಯಿಂಟಿಗೂ (ಒಂದೊಂದು ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಯುನಿಕೋಡಲ್ಲಿ ಇರೋ ಬೇರೆ ಬೇರೆ ನಂಬರ್) 3 ಬೈಟ್, ಎಲ್ಲವೂ ಶುರುವಾಗೋದು "ಇ0" ಅನ್ನೋ ಬೈಟಿಂದ. 1,048,576ನ್ನ 3ರಿಂದ ಭಾಗಿಸಿದ್ರೆ 1 ಉಳಿಯುತ್ತೆ, ಹಾಗಾಗಿ ಬರೀ ಕನ್ನಡ ಅಕ್ಷರಗಳೇ ತುಂಬಿರೋ ಫೈಲನ್ನ ಅಲ್ಲಿ ಕಡಿದ್ರೆ ಕೊನೇಲಿ ಒಂಟಿ "ಇ0" ನೇತಾಡ್ತಾ ಇರುತ್ತೆ, ಎಡಿಟರಲ್ಲಿ ತೆಗೆದ್ರೆ ಕಪ್ಪು ಡೈಮಂಡ್ ಒಳಗೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತೆ. ಹೀಗೆ ಅಕ್ಷರದ ಮಧ್ಯದಲ್ಲೇ ಕಡಿದಿದ್ರೆ ಕತ್ತರಿಸಿದೋರು ಬೈಟ್ ಎಣಿಸಿದ್ದಾರೆ. ಅಕ್ಷರ ಪೂರ್ತಿ ಇದ್ದು ಪದ ಮಾತ್ರ ಅರ್ಧ ಆಗಿದ್ರೆ ಸ್ಟ್ರಿಂಗ್ ಮಟ್ಟದಲ್ಲಿ ಕತ್ತರಿ ಬಿದ್ದಿದೆ ಅಂತ ಅನುಮಾನ ಪಡಬಹುದು, ಅಂದ್ರೆ ಬಹುಶಃ ಟೂಲ್ ಒಳಗೇ. ಲೈನ್ ಪೂರ್ತಿ ಇದ್ದು ಮುಂದಿನ ಲೈನ್ ಇಲ್ಲ ಅಂದ್ರೆ ಯಾರೋ ಲೈನ್ ಎಣಿಸ್ತಿದ್ದಾರೆ. ಎಕ್ಸೆಲ್ ಶೀಟ್ ಮಾಡಿಕೊಡೋ ಟೂಲಲ್ಲಿ 1,048,576ನೇ ರೋ ಆದ್ಮೇಲೆ ಡೇಟಾ ಕಾಣೆ ಅಂದ್ರೆ ಅದು ಎಕ್ಸೆಲ್ ಶೀಟಿನದೇ ಮಿತಿ, ಬೈಟ್ ಲಿಮಿಟ್ ಹುಡುಕ್ತಾ ಕೂರಬೇಡಿ.

ಯಾರು ಕತ್ತರಿಸಿದ್ದು

ಸಿಐನಲ್ಲಿ (ಕೋಡ್ ಬದಲಾದಾಗ ಬಿಲ್ಡ್, ಟೆಸ್ಟ್ ತಾನಾಗೇ ಓಡಿಸೋ ವ್ಯವಸ್ಥೆ) ಮಾತ್ರ ಆಗ್ತಿದ್ಯಾ, ನಿಮ್ಮ ಮಷೀನಲ್ಲೂ ಆಗ್ತಿದ್ಯಾ ಅನ್ನೋದು ಮೊದಲ ಪ್ರಶ್ನೆ. ಹಾಗೇನೇ ಕತ್ತರಿಸಿರೋದು ಫೈಲಾ ಇಲ್ಲಾ ಸಿಐ ತೋರಿಸ್ತಿರೋ ಲಾಗಾ ಅಂತಾನೂ ನೋಡ್ಕೊಳ್ಳಿ, ಲಾಗಿಗೆ ಅದರದ್ದೇ ಲಿಮಿಟ್ ಇರುತ್ತೆ, ಫೈಲ್ ಸರಿಯಾಗೇ ಇದ್ದು ಲಾಗ್ ನೋಡಿ ಗಾಬರಿಯಾದೋರು ಕಮ್ಮಿ ಇಲ್ಲ.

ರ‍್ಯಾಪರ್ ಸ್ಕ್ರಿಪ್ಟೆಲ್ಲಾ ಬಿಟ್ಟು ಟೂಲನ್ನ ನೇರ ಟರ್ಮಿನಲ್ಲಲ್ಲಿ ಓಡಿಸಿ, ಎಕ್ಸಿಟ್ ಕೋಡ್ ನೋಡಿ. ಶೆಲ್ 153 ತೋರಿಸಿದ್ರೆ ಅದು 128 ಕೂಡಿಸು 25, ಸಾಮಾನ್ಯ ಪಿಸಿ ಲಿನಕ್ಸಲ್ಲಿ 25 ಅಂದ್ರೆ ಫೈಲ್ ಸೈಜ್ ಮಿತಿ ಮೀರಿದ ಸಿಗ್ನಲ್, ಯುಲಿಮಿಟ್‌ನ ಎಫ್ ಆಪ್ಷನ್ (ಎಷ್ಟು ದೊಡ್ಡ ಫೈಲ್ ಬರೀಬಹುದು ಅನ್ನೋ ಶೆಲ್ ಸೆಟ್ಟಿಂಗ್) ನೋಡಿ, ಯಾರೋ ಸೆಟ್ ಮಾಡಿಟ್ಟಿದ್ದಾರೆ. ಪೈಥಾನ್ ಈ ಸಿಗ್ನಲ್ಲನ್ನ ತಾನಾಗೇ ಇಗ್ನೋರ್ ಮಾಡುತ್ತೆ, ಅಲ್ಲಿ ಸಾಯೋದರ ಬದಲು "ಫೈಲ್ ಟೂ ಲಾರ್ಜ್" ಅನ್ನೋ ಎಕ್ಸೆಪ್ಷನ್ ಬರುತ್ತೆ, ಅದನ್ನ ಯಾರಾದ್ರೂ ಟ್ರೈ ಬ್ಲಾಕಲ್ಲಿ ಹಿಡಿದು ನುಂಗಿದ್ರೆ ಮುಗೀತು ಕತೆ. 137 ಬಂದ್ರೆ ಹೊರಗಿಂದ ಕಿಲ್ ಆಗಿದೆ, ಹೆಚ್ಚಾಗಿ ಮೆಮೊರಿ. 141 ಬಂದ್ರೆ ಪೈಪಿನ ಆ ಕಡೆಯವರು ಬಾಗಿಲು ಹಾಕ್ಕೊಂಡು ಹೋಗಿದ್ದಾರೆ. ಪೈಪ್ ಹಾಕಿ ಓಡಿಸಿದ್ರೆ ಬ್ಯಾಶ್ ಕೊಡೋದು ಕೊನೇ ಕಮಾಂಡಿನ ಕೋಡ್ ಮಾತ್ರ, ಟೂಲ್ ಸತ್ತಿದ್ರೂ ಸೊನ್ನೆ ಕಾಣುತ್ತೆ, ಅದಕ್ಕೆ ಪೈಪ್‌ಫೇಲ್ (ಮಧ್ಯದ ಕಮಾಂಡ್ ಬಿದ್ರೂ ಅದರ ಕೋಡ್ ತೋರಿಸೋ ಸೆಟ್ಟಿಂಗ್) ಆನ್ ಮಾಡ್ಕೊಳ್ಳಿ.

ಇಷ್ಟರಲ್ಲಿ ಗೊತ್ತಾಗ್ಲಿಲ್ಲ ಅಂದ್ರೆ ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್ಲಿಗೆ ಮಾಡೋ ಕಾಲ್‌ಗಳನ್ನ ತೋರಿಸೋ ಟೂಲ್) ಹಾಕಿ, ರೈಟ್ ಮತ್ತು ಕ್ಲೋಸ್ ಕಾಲ್‌ಗಳನ್ನ ಮಾತ್ರ ಫಿಲ್ಟರ್ ಮಾಡಿ, ಕೊನೇ ಭಾಗ ಓದಿ. ಟೂಲ್ ಕೊಟ್ಟಿದ್ದೇ ಅರ್ಧ ಆಗಿದ್ರೆ ತಪ್ಪು ಟೂಲ್ ಒಳಗಿದೆ, ಟೂಲ್ ಪೂರ್ತಿ ಕೊಟ್ಟು ಕರ್ನಲ್ ಕಮ್ಮಿ ಬರೆದಿದ್ರೆ ಹೊರಗಿನ ಲಿಮಿಟ್. "ನೋ ಸ್ಪೇಸ್ ಲೆಫ್ಟ್" ಬಂದ್ರೆ ಡಿಎಫ್ (ಡಿಸ್ಕಲ್ಲಿ ಉಳಿದ ಜಾಗ ತೋರಿಸೋ ಕಮಾಂಡ್) ನೋಡ್ತೀರಲ್ಲ, ಆಗ ಟೆಂಪ್ ಫೋಲ್ಡರ್ ಬೇರೆ ಕಡೆ ಮೌಂಟ್ ಆಗಿದ್ಯಾ ಅಂತಾನೂ ನೋಡಿ. ಟಿಎಂಪಿಎಫ್‌ಎಸ್ (ಮೆಮೊರೀಲೇ ಇರೋ ಫೈಲ್‌ಸಿಸ್ಟಂ) ಆಗಿದ್ರೆ ಅದಕ್ಕೆ ಸುಮ್ನೆ ಬಿಟ್ರೆ ಸಿಗೋದು ರ‍್ಯಾಮಿನ ಅರ್ಧ, ಮುಖ್ಯ ಡಿಸ್ಕಲ್ಲಿ ಜಾಗ ಎಷ್ಟಿದ್ರೂ ಉಪಯೋಗಕ್ಕೆ ಬರಲ್ಲ. ಜಾಗ ಇದ್ದೂ ಅದೇ ಎರರ್ ಬರ್ತಿದ್ರೆ ಐನೋಡ್ (ಪ್ರತಿ ಫೈಲಿಗೂ ಡಿಸ್ಕಲ್ಲಿ ಬೇಕಾಗೋ ದಾಖಲೆ) ಖಾಲಿಯಾಗಿರಬಹುದು, ಸಾವಿರಾರು ಪುಟಾಣಿ ಫೈಲ್ ಬರೆಯೋ ಟೂಲ್‌ಗಳಲ್ಲಿ ಇದು ಮಾಮೂಲಿ.

ಫೈಲ್ ಪೂರ್ತಿ ಇದ್ರೂ ಮುಂದೆ ಓದೋರು ಒಪ್ಪದೇ ಇರೋದೂ ಇದೆ. ಜಾವಾದಲ್ಲಿ ಒಂದು ಮೆಥಡ್‌ನ ಬೈಟ್‌ಕೋಡ್ 65,535 ಬೈಟ್ ದಾಟೋ ಹಾಗಿಲ್ಲ, ಜನರೇಟರ್ ಒಂದೇ ಸ್ಟ್ಯಾಟಿಕ್ ಬ್ಲಾಕಲ್ಲಿ ಎಲ್ಲಾ ತುರುಕಿದ್ರೆ ಕಂಪೈಲರ್ "ಕೋಡ್ ಟೂ ಲಾರ್ಜ್" ಅನ್ನುತ್ತೆ. ಗಿಟ್‌ಹಬ್ 50 ಎಂಬಿ ದಾಟಿದ ಫೈಲಿಗೆ ಎಚ್ಚರಿಕೆ ಕೊಡುತ್ತೆ, 100 ದಾಟಿದ್ರೆ ಪುಶ್ಶೇ ತಗೊಳ್ಳಲ್ಲ. ಇಂಥವಕ್ಕೆ ಟೂಲಿನ ಲಿಮಿಟ್ ಏರಿಸಿ ಪ್ರಯೋಜನ ಇಲ್ಲ, ಔಟ್‌ಪುಟ್ಟನ್ನೇ ಹೋಳು ಮಾಡ್ಬೇಕು.

ಈಗ ಪ್ಯಾಚ್ ರಿವ್ಯೂ

ದೋಷ ಟೂಲ್ ಒಳಗೇ ಇದೆ ಅಂತಾದ್ರೆ ಸಾಮಾನ್ಯವಾಗಿ ಹಿಂದೆ ಯಾರೋ ಕಳಿಸಿ ಮರ್ಜ್ ಆದ ಎರಡು ಲೈನ್ ಸಿಗುತ್ತೆ: ಔಟ್‌ಪುಟ್ ಸ್ಟ್ರಿಂಗಿನ ಲೆಂತ್ ಮ್ಯಾಕ್ಸಿಗಿಂತ ಜಾಸ್ತಿ ಇದ್ರೆ ಮ್ಯಾಕ್ಸ್ ತನಕ ಸ್ಲೈಸ್ ಮಾಡು, ಡಿಬಗ್ ಲೆವೆಲ್ಲಲ್ಲಿ ಒಂದು ಲಾಗ್ ಹಾಕು. ನೋಡೋಕೆ ಚೊಕ್ಕವಾಗಿದೆ, ಟೆಸ್ಟೂ ಪಾಸ್ ಆಗುತ್ತೆ, ರಿವ್ಯೂ ಮಾಡೋರೂ "ಚೆನ್ನಾಗಿದೆ" ಅಂತ ಒತ್ತಿಬಿಡ್ತಾರೆ. ಈ ಎರಡು ಲೈನಲ್ಲಿ ಎಷ್ಟು ತಪ್ಪಿದೆ ನೋಡಿ.

ಮೊದಲನೇದು ಅಳತೆ. ಲೆಂತ್ ಅಂದ್ರೆ ಏನು ಎಣಿಸ್ತಿದ್ದೀವಿ? ಎರರ್ ಮೆಸೇಜ್‌ಗಳಲ್ಲಿ ಬರೋ "ಕ್ಷಮಿಸಿ" ಅನ್ನೋ ಪದ ತಗೊಳ್ಳಿ. ಕಣ್ಣಿಗೆ 3 ಅಕ್ಷರ. ಜಾವಾಸ್ಕ್ರಿಪ್ಟಿಗೂ ಪೈಥಾನಿಗೂ ಅದು 7, ಯಾಕಂದ್ರೆ ಕ, ವಿರಾಮ, ಷ, ಮ, ಗುಡಿಸು, ಸ, ಗುಡಿಸು ಎಲ್ಲಾ ಬೇರೆ ಬೇರೆ. ಗೋ ಮತ್ತು ರಸ್ಟ್ ಭಾಷೆಯ ಲೆನ್ ಬೈಟ್ ಎಣಿಸುತ್ತೆ, ಅಲ್ಲಿ 21. ಡಿಸ್ಕಿಗೆ ಯುಟಿಎಫ್-8ರಲ್ಲಿ ಹೋಗೋದೂ 21. ಪೈಥಾನಿನ ಜೇಸನ್ ಡಂಪ್ಸ್ ಆಪ್ಷನ್ ಏನೂ ಕೊಡದೆ ಕರೆದ್ರೆ ಪ್ರತಿ ಕೋಡ್ ಪಾಯಿಂಟನ್ನೂ 6 ಕ್ಯಾರೆಕ್ಟರಿನ ಎಸ್ಕೇಪ್ ಮಾಡಿ ಬರೆಯುತ್ತೆ, ಕೋಟ್ ಬಿಟ್ಟು 42. ಅದೇ ಪದ, ಅದೇ ಲಿಮಿಟ್, ಎಲ್ಲಿ ಅಳೆದ್ರಿ ಅನ್ನೋದರ ಮೇಲೆ 7ರಿಂದ 42. ಇಂಗ್ಲಿಷ್ ಫೈಲ್ ಇಟ್ಕೊಂಡು ಟೆಸ್ಟ್ ಬರೆದ್ರೆ ಇದ್ಯಾವುದೂ ಕಾಣಲ್ಲ, ಎಲ್ಲಾ ಒಂದೇ ಬರುತ್ತೆ. ಹಾಗಾಗಿ ರಿವ್ಯೂನಲ್ಲಿ ಮೊದಲ ಕಾಮೆಂಟ್: ವೇರಿಯಬಲ್ ಹೆಸರಲ್ಲೇ ಬೈಟ್ಸ್ ಅಂತ ಬರಲಿ, ಎನ್‌ಕೋಡ್ ಆದ್ಮೇಲೆ ಅಳೀರಿ, ಎಂಬಿ ಅಂದ್ರೆ 1,000,000ನಾ 1,048,576ನಾ ಅಂತ ಡಾಕ್ಸಲ್ಲಿ ಬರೀರಿ. ವಿಂಡೋಸಲ್ಲಿ ಲೈನ್ ಎಂಡಿಂಗ್ ಬದಲಾದ್ರೆ ಪ್ರತಿ ಲೈನಿಗೆ ಒಂದು ಬೈಟ್ ಏರುತ್ತೆ ಅನ್ನೋದನ್ನೂ ಹಾಗೇ ಜ್ಞಾಪಿಸಿ.

ಈ ಗೊಂದಲ ದೊಡ್ಡ ಟೂಲ್‌ಗಳಲ್ಲೂ ಇದೆ. ಬೇಬಲ್ (ಜಾವಾಸ್ಕ್ರಿಪ್ಟ್ ಕೋಡನ್ನ ಬದಲಾಯಿಸಿ ಬರೆಯೋ ಟೂಲ್) ಉಪಯೋಗಿಸೋರಿಗೆ "500 ಕೆಬಿ ದಾಟಿದೆ, ಸ್ಟೈಲಿಂಗ್ ಡಿಆಪ್ಟಿಮೈಸ್ ಮಾಡಿದ್ದೀನಿ" ಅನ್ನೋ ಮೆಸೇಜ್ ಗೊತ್ತಿರುತ್ತೆ. ಅದರ ಡಾಕ್ಸ್ ಪ್ರಕಾರ ಒಳಗೆ ನೋಡೋದು ಕೋಡಿನ ಲೆಂತ್ 500,000ಕ್ಕಿಂತ ಜಾಸ್ತಿನಾ ಅಂತ, ಅಂದ್ರೆ ಎಣಿಸೋದು ಕ್ಯಾರೆಕ್ಟರ್, ಹೇಳೋದು ಕೆಬಿ. ಆದ್ರೆ ನನ್ನ ಪ್ರಕಾರ ಅದರ ನಡವಳಿಕೆ ಒಳ್ಳೇದೇ: ಗೆರೆ ದಾಟಿದಾಗ ಖಾಲಿ ಜಾಗ, ಹೊಸ ಲೈನ್ ಇವನ್ನ ಬಿಟ್ಟು ಒತ್ತೊತ್ತಾಗಿ ಬರೆಯುತ್ತೆ, ಬಾಯಿಬಿಟ್ಟು ಹೇಳುತ್ತೆ, ಕೋಡನ್ನ ಮಾತ್ರ ಕಡಿಯಲ್ಲ.

ಎರಡನೇದು ಜಾಗ. ಇಡೀ ಔಟ್‌ಪುಟ್ಟನ್ನ ಮೆಮೊರೀಲಿ ಸ್ಟ್ರಿಂಗ್ ಮಾಡಿ ಆಮೇಲೆ ಸೈಜ್ ನೋಡಿದ್ರೆ, ಊಟ ಎಲ್ಲಾ ಮುಗಿಸಿ ಹೊಟ್ಟೆ ಹಿಡಿಯುತ್ತಾ ಅಂತ ಕೇಳಿದ ಹಾಗೆ. ಮೆಮೊರಿ ಉಳಿಸೋಕೆ ಅಂತ ಲಿಮಿಟ್ ಹಾಕಿದ್ರೆ ಅದು ಉಳಿಸಲ್ಲ. ನೋಡ್‌ನಲ್ಲಿ ಇನ್ನೂ ಒಂದು ತಮಾಷೆ ಇದೆ, 64 ಬಿಟ್ ವಿ8ನಲ್ಲಿ (ನೋಡ್ ಒಳಗಿನ ಜಾವಾಸ್ಕ್ರಿಪ್ಟ್ ಎಂಜಿನ್) ಒಂದು ಸ್ಟ್ರಿಂಗ್ ಸುಮಾರು 53.7 ಕೋಟಿ ಕ್ಯಾರೆಕ್ಟರಿಗಿಂತ ದೊಡ್ಡದಾಗೋಕೇ ಆಗಲ್ಲ, ಹಾಗಿದ್ದಾಗ ಯಾರಾದ್ರೂ ಲೆಂತ್ ಮಿತೀನ 100 ಕೋಟಿ ಅಂತ ಬರೆದ್ರೆ ಆ ಚೆಕ್ ಯಾವತ್ತೂ ಓಡಲ್ಲ, ಅದಕ್ಕೂ ಮುಂಚೆ "ಇನ್ವ್ಯಾಲಿಡ್ ಸ್ಟ್ರಿಂಗ್ ಲೆಂತ್" ಅಂತ ಬಿದ್ದಿರುತ್ತೆ. ಚೆಕ್ ಇರಬೇಕಾದ್ದು ಫೈಲಿಗೆ ಬರೆಯೋ ರೈಟರ್ ಒಳಗೆ: ಇಲ್ಲೀತನಕ ಬರೆದ ಬೈಟ್ ಪ್ಲಸ್ ಈಗ ಬರೆಯೋ ತುಂಡು ಲಿಮಿಟ್ ದಾಟುತ್ತಾ ಅಂತ ಬರೆಯೋ ಮುಂಚೆ ನೋಡ್ಬೇಕು, ಬರೆದಾದ್ಮೇಲಲ್ಲ.

ಮೂರನೇದು, ಮುಖ್ಯವಾದದ್ದು, ಸ್ಲೈಸ್. ಚಾಟ್ ವಿಂಡೋದಲ್ಲಿ ತೋರಿಸೋ ಪ್ರಿವ್ಯೂ ಅಥವಾ ಲಾಗ್ ಆದ್ರೆ ಕತ್ತರಿಸಿ ಚುಕ್ಕಿ ಚುಕ್ಕಿ ಹಾಕಬಹುದು. ಇನ್ನೊಂದು ಪ್ರೋಗ್ರಾಂ ಓದೋ ಫೈಲನ್ನ ಕತ್ತರಿಸೋ ಹಕ್ಕು ಜನರೇಟರಿಗೆ ಇಲ್ಲವೇ ಇಲ್ಲ ಅನ್ನೋದು ನನ್ನ ಹಠ. ಅರ್ಧ ಜೇಸನ್ ಕನಿಷ್ಠ ಪಾರ್ಸ್ ಆಗದೆ ಬೀಳುತ್ತೆ, ಗೊತ್ತಾಗುತ್ತೆ. ಅರ್ಧ ಸಿಎಸ್‌ವಿ, ಅರ್ಧ ಎಸ್‌ಕ್ಯೂಎಲ್, ಅರ್ಧ ಯಾಮಲ್ ಎಷ್ಟೋ ಸಲ ಸರಿಯಾಗೇ ಲೋಡ್ ಆಗಿ ಕೊನೇ ಸಾವಿರ ರೋ ಇಲ್ಲದೇ ಪ್ರೊಡಕ್ಷನ್ನಿಗೆ ಹೋಗಿ ಕೂರುತ್ತೆ, ಅದು ಭಯಾನಕ. ಲಿಮಿಟ್ ದಾಟ್ತು ಅಂದ್ರೆ ಎರರ್ ಎಸೀರಿ, ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಡಿ, ಮೆಸೇಜಲ್ಲಿ ನಾಲ್ಕು ವಿಷಯ ಇರಲಿ: ಯಾವ ಫೈಲ್, ಎಷ್ಟಾಗಿತ್ತು, ಲಿಮಿಟ್ ಎಷ್ಟು, ಬದಲಾಯಿಸೋ ಫ್ಲ್ಯಾಗ್ ಯಾವುದು. "ಔಟ್‌ಪುಟ್ ದೊಡ್ಡದಾಗಿದೆ" ಅಂತ ಮಾತ್ರ ಹೇಳಿದ್ರೆ ಓದಿದವರು ಮತ್ತೆ ನಮ್ಮ ಹತ್ರಾನೇ ಬರ್ತಾರೆ.

ಇನ್ನು ಹಳೇ ಫೈಲ್ ಕತೆ ಏನು? ಜಾಗದಲ್ಲೇ ಓಪನ್ ಮಾಡಿ ಬರೀತಾ ಹೋದ್ರೆ ಓಪನ್ ಮಾಡಿದ ಕ್ಷಣಕ್ಕೇ ಹಳೇದು ಸೊನ್ನೆ ಬೈಟ್ ಆಯ್ತು, ಆಮೇಲೆ ಎರರ್ ಕೊಟ್ರೂ ಯೂಸರ್ ಹತ್ರ ಹಳೇದೂ ಇಲ್ಲ ಹೊಸದೂ ಇಲ್ಲ. ಪಕ್ಕದಲ್ಲೇ ಟೆಂಪ್ ಫೈಲಿಗೆ ಬರೆದು, ಕ್ಲೋಸ್ ಮಾಡಿದಾಗ ಬಂದ ರಿಸಲ್ಟೂ ನೋಡಿ, ಎಲ್ಲಾ ಸರಿ ಇದ್ರೆ ರೀನೇಮ್ ಮಾಡಿ. ಪಕ್ಕದಲ್ಲೇ ಅಂತ ಒತ್ತಿ ಹೇಳ್ತಿದ್ದೀನಿ, ಬೇರೆ ಫೈಲ್‌ಸಿಸ್ಟಂನ ಟೆಂಪ್ ಫೋಲ್ಡರಿಂದ ರೀನೇಮ್ ಆಗಲ್ಲ.

ಚಿಲ್ಲರೆ ಪ್ರಶ್ನೆಗಳು ಒಂದಷ್ಟು ಉಳಿಯುತ್ತೆ, ಬೇಗ ಕೇಳಿಬಿಡಿ: ಲಿಮಿಟ್ ಒಂದು ಫೈಲಿಗಾ ಒಟ್ಟು ಔಟ್‌ಪುಟ್ಟಿಗಾ, ಸರಿಯಾಗಿ ಲಿಮಿಟ್‌ನಷ್ಟೇ ಇದ್ರೆ ಪಾಸಾ ಫೇಲಾ, ಸೊನ್ನೆ ಕೊಟ್ರೆ ಮಿತಿ ಇಲ್ಲ ಅಂತಾನಾ ಏನೂ ಬರೀಬೇಡ ಅಂತಾನಾ, ಮೈನಸ್ ಕೊಟ್ರೆ ಏನು, ಮತ್ತೆ ಈ ನಂಬರ್ ಎಲ್ಲಿಂದ ಬಂತು. ಕೊನೇದಕ್ಕೆ "ಸಾಕಾಗುತ್ತೆ ಅನ್ನಿಸ್ತು" ಅಂತ ಉತ್ತರ ಬಂದ್ರೂ ಪರವಾಗಿಲ್ಲ, ಹಾಗಂತ ಕಾಮೆಂಟಲ್ಲಿ ಬರೆದಿಟ್ರೆ ಮುಂದೆ ಏರಿಸೋರಿಗೆ ಧೈರ್ಯ ಇರುತ್ತೆ.

ಟೆಸ್ಟ್

ಲಿಮಿಟನ್ನ ಕಾನ್ಫಿಗ್ ಮೂಲಕ 100 ಬೈಟಿಗೆ ಇಳಿಸಿ ಟೆಸ್ಟ್ ಬರೀರಿ, 5 ಎಂಬಿ ಫೈಲ್ ರಿಪಾಸಿಟರಿಗೆ ತುರುಕೋ ಅಗತ್ಯ ಇಲ್ಲ. 99, 100, 101 ಇಂಗ್ಲಿಷ್ ಅಕ್ಷರ ಕೊಡಿ. ಆಮೇಲೆ ಬರೀ "ಕ" ಕೊಡಿ: 33 ಕೊಟ್ರೆ 99 ಬೈಟ್, ಪಾಸ್ ಆಗ್ಬೇಕು, 34 ಕೊಟ್ರೆ 102, ಬೀಳ್ಬೇಕು. 34 ಪಾಸ್ ಆಯ್ತು ಅಂದ್ರೆ ಒಳಗೆ ಯಾರೋ ಇನ್ನೂ ಕ್ಯಾರೆಕ್ಟರ್ ಎಣಿಸ್ತಿದ್ದಾರೆ. ಪ್ರತಿ ಫೇಲ್ ಕೇಸಲ್ಲೂ ಹಳೇ ಫೈಲ್ ಹಾಗೇ ಇದ್ಯಾ, ಟೆಂಪ್ ಫೈಲ್ ಕಸ ಉಳಿದಿದ್ಯಾ ಅಂತ ನೋಡಿ.

ಹೊರಗಿನ ಲಿಮಿಟಿಗೆ ಸಬ್‌ಶೆಲ್ ಒಳಗೆ ಯುಲಿಮಿಟ್ ಎಫ್ ಇಟ್ಟು ಓಡಿಸಿ, ಬ್ಯಾಶಲ್ಲಿ 1024 ಕೊಟ್ರೆ 1 ಎಂಬಿ, ಪಾಸಿಕ್ಸ್ ಮೋಡಲ್ಲಿ 512 ಬೈಟಿನ ಲೆಕ್ಕ ಆದ್ದರಿಂದ ಅದೇ 1024 ಅರ್ಧ ಎಂಬಿ ಆಗುತ್ತೆ, ಇಲ್ಲಿ ಎಡವಬೇಡಿ. ಎಸ್‌ಟಿಡಿಔಟ್‌ಗೆ ಬರೆಯೋ ಟೂಲ್ ಆದ್ರೆ ಲಿನಕ್ಸಿನ ಡೆವ್ ಫೋಲ್ಡರಲ್ಲಿ ಫುಲ್ ಅನ್ನೋ ಡಿವೈಸ್ ಇದೆ, ಏನು ಬರೆದ್ರೂ ಡಿಸ್ಕ್ ತುಂಬಿದೆ ಅನ್ನುತ್ತೆ, ಅದಕ್ಕೆ ರೀಡೈರೆಕ್ಟ್ ಮಾಡಿ ಎಕ್ಸಿಟ್ ಕೋಡ್ ಸೊನ್ನೆ ಬಂದ್ರೆ ಬಗ್ ಸಿಕ್ತು ಅಂತಲೇ ಅರ್ಥ. ಟೆಂಪ್ ಮಾಡಿ ರೀನೇಮ್ ಮಾಡೋ ಟೂಲಿಗೆ ಈ ಉಪಾಯ ನಡೆಯಲ್ಲ, ಅದಕ್ಕೆ 1 ಎಂಬಿಯ ಟಿಎಂಪಿಎಫ್‌ಎಸ್ ಮೌಂಟ್ ಮಾಡಿ ಅಲ್ಲಿಗೆ ಬರೆಸಿ.

ಸರಿಮಾಡಿದ ಮೇಲೂ ಹಳೇ ಎರರ್ ಬರ್ತಿದ್ರೆ

ಪ್ಯಾಚ್ ಹೋಯ್ತು, ಟೆಸ್ಟ್ ಹಸಿರು, ಆದ್ರೂ ಸಿಐನಲ್ಲಿ ಅದೇ ಅರ್ಧ ಫೈಲ್ ಬರ್ತಿದೆ ಅಂದ್ರೆ ಬಿಲ್ಡ್ ಕ್ಯಾಶ್ ನೋಡಿ. ಕ್ಯಾಶ್ ಕೀಯನ್ನ ಇನ್‌ಪುಟ್ ಫೈಲ್‌ಗಳ ಹ್ಯಾಶಿಂದ ಮಾತ್ರ ಮಾಡಿದ್ರೆ, ಇನ್‌ಪುಟ್ ಬದಲಾಗಿಲ್ಲವಲ್ಲ, ಟೂಲ್ ಓಡೋದೇ ಇಲ್ಲ, ಹಿಂದೆ "ಸಕ್ಸಸ್" ಅಂತ ಸೇವ್ ಆಗಿದ್ದ ಕತ್ತರಿಸಿದ ಫೈಲೇ ಮತ್ತೆ ಹೊರಗೆ ಬರುತ್ತೆ. ಕೀಯೊಳಗೆ ಟೂಲಿನ ವರ್ಷನ್ನೂ ಲಿಮಿಟ್ ಸೆಟ್ಟಿಂಗೂ ಸೇರಿಸಿ, ಒಂದ್ಸಲ ಕ್ಯಾಶ್ ಪೂರ್ತಿ ಅಳಿಸಿ ಓಡಿಸಿ. ಜನರೇಟ್ ಆದ ಫೈಲ್‌ಗಳನ್ನ ರಿಪಾಸಿಟರಿಗೆ ಕಮಿಟ್ ಮಾಡೋ ಪದ್ಧತಿ ಇದ್ರೆ, ಹಳೇ ಲಿಮಿಟ್‌ನಷ್ಟೇ ಸರಿಯಾಗಿ ಸೈಜ್ ಇರೋ ಫೈಲ್ ಬೇರೆ ಇದ್ಯಾ ಅಂತ ಫೈಂಡ್ ಕಮಾಂಡಿಗೆ ಸೈಜ್ ಕೊಟ್ಟು ಹುಡುಕಿ. ಬೈಟ್ ಲೆಕ್ಕಕ್ಕೆ ಸಂಖ್ಯೆಯ ಕೊನೇಲಿ ಸಿ ಹಾಕೋದು ಮರೀಬೇಡಿ, ಹಾಕದಿದ್ರೆ ಅದು 512 ಬೈಟಿನ ಬ್ಲಾಕ್ ಲೆಕ್ಕದಲ್ಲಿ ಹುಡುಕುತ್ತೆ. ಲಿಮಿಟ್ ಲೆಂತ್ ಮೇಲೆ ಇತ್ತು ಅಂದ್ರೆ ಕನ್ನಡ ಫೈಲ್‌ಗಳು ಈ ಬಲೆಗೆ ಬೀಳಲ್ಲ, ಅವುಗಳ ಬೈಟ್ ಸೈಜ್ ಒಂದೊಂದೂ ಒಂದೊಂದು ಥರ ಇರುತ್ತೆ, ಅವನ್ನ ಡೀಕೋಡ್ ಮಾಡಿ ಕ್ಯಾರೆಕ್ಟರ್ ಎಣಿಸೋ ಪುಟ್ಟ ಸ್ಕ್ರಿಪ್ಟ್ ಬರೆದೇ ಹುಡುಕಬೇಕು.